ಸ್ಪ್ಯಾನಿಷ್ ವಾಕ್ಯಕ್ಕೆ ಕನ್ನಡದ ದಾರಿ

ಸ್ಪ್ಯಾನಿಷ್ ಕಲಿಯಲು ಕೂತವರು ಬೇಗ ಎಡವುವ ವಾಕ್ಯ ಒಂದಿದೆ: ‘ಮೆ ಗುಸ್ತ ಎಲ್ ಕಫೇ.’ ಕೈಯಲ್ಲಿರುವ ಪುಸ್ತಕ ಸಾಮಾನ್ಯವಾಗಿ ಇಂಗ್ಲಿಷಿನದು. ಅದು ‘ಐ ಲೈಕ್ ಕಾಫಿ’ ಎಂದು ಅರ್ಥ ಕೊಟ್ಟು, ಆಮೇಲೆ ಎರಡು ಪುಟ ಎಚ್ಚರಿಕೆ ಹೇಳುತ್ತದೆ. ಇಲ್ಲಿ ಕರ್ತೃ ‘ನಾನು’ ಅಲ್ಲ, ಕಾಫಿ. ಕ್ರಿಯಾಪದ ಕಾಫಿಯನ್ನು ಅನುಸರಿಸುತ್ತದೆ. ವಾಕ್ಯವನ್ನು ತಲೆಕೆಳಗು ಮಾಡಿ ಯೋಚಿಸಿ ಅಂತೆಲ್ಲ. ಓದಿದವರು ಗೊಂದಲಕ್ಕೆ ಬಿದ್ದು ‘ಯೊ ಗುಸ್ತೊ ಕಫೇ’ ಎನ್ನುತ್ತಾರೆ. ಅದು ತಪ್ಪು. ಈಗ ಇಂಗ್ಲಿಷನ್ನು ಪಕ್ಕಕ್ಕಿಟ್ಟು ಅದೇ ಮಾತನ್ನು ಕನ್ನಡದಲ್ಲಿ ಹೇಳಿ: ‘ನನಗೆ ಕಾಫಿ ಇಷ್ಟ.’ ‘ಮೆ’ ಅಂದರೆ ‘ನನಗೆ’. ಯಾವುದನ್ನೂ ತಲೆಕೆಳಗು ಮಾಡಬೇಕಿಲ್ಲ.

ಇವತ್ತಿನ ಮಾತಿನ ತಿರುಳು ಇದು. ದಿನಬಳಕೆಯ ಸ್ಪ್ಯಾನಿಷ್ ವಾಕ್ಯಗಳ ಹಲವು ಗಂಟುಗಳು ಇಂಗ್ಲಿಷಿನ ಮೂಲಕ ಹೋದರೆ ಮಾತ್ರ ಗಂಟುಗಳು. ಕನ್ನಡದಿಂದ ನೇರ ಹೋದರೆ ಅವು ಸಲೀಸಾಗಿ ಬಿಚ್ಚುತ್ತವೆ. ಹಾಗಂತ ಕನ್ನಡ ಎಲ್ಲ ಕಡೆಯೂ ಕೈಹಿಡಿಯುವುದಿಲ್ಲ. ಎಲ್ಲಿ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ ಎನ್ನುವುದನ್ನು ಒಂದೊಂದೇ ವಾಕ್ಯ ಇಟ್ಟುಕೊಂಡು ನೋಡೋಣ.

ಮೊದಲು ಓದುವ ಬಗ್ಗೆ ಒಂದು ಮಾತು. ಸ್ಪ್ಯಾನಿಷಿನಲ್ಲಿ 5 ಸ್ವರಗಳಿವೆ: ನಮ್ಮ ಅ, ಎ, ಇ, ಒ, ಉ. ದೀರ್ಘ ಸ್ವರ ಇಲ್ಲ, ಆದರೆ ಒತ್ತು ಇದೆ. ಒತ್ತು ಬದಲಾದರೆ ಅರ್ಥವೇ ಬದಲಾಗುತ್ತದೆ. ‘ಆಬ್ಲೊ’ ಎಂದರೆ ‘ಮಾತಾಡುತ್ತೇನೆ’, ‘ಅಬ್ಲೋ’ ಎಂದರೆ ‘ಅವನು ಅಥವಾ ಅವಳು ಮಾತಾಡಿದರು’. ‘ಪಾಪ’ ಆಲೂಗಡ್ಡೆ, ‘ಪಪಾ’ ಅಪ್ಪ. ಇಲ್ಲಿ ನಾನು ದೀರ್ಘ ಬರೆದ ಕಡೆ ಒತ್ತು ಕೊಟ್ಟು ಓದಿ, ಎಳೆಯಬೇಡಿ. ತ, ದ, ಪ, ಕ ನಮ್ಮವೇ. ಇಂಗ್ಲಿಷಿನ ಟ, ಡ ಬೇಡ. ಬರಹದಲ್ಲಿ ಬಿ, ವಿ ಎರಡಿದ್ದರೂ ಉಚ್ಚಾರಕ್ಕೆ ಒಂದೇ, ‘ಬ’ಕ್ಕೆ ಹತ್ತಿರ. ಎಚ್ ಅಕ್ಷರಕ್ಕೆ ಸದ್ದಿಲ್ಲ. ವರ್ಣಮಾಲೆಯಲ್ಲಿ ಓದಿ ಮರೆತ ನಮ್ಮ ‘ಞ’ಕ್ಕೆ ಇಲ್ಲಿ ದಿನಾ ಕೆಲಸ: ‘ಮಞಾನ’ ಎಂದರೆ ನಾಳೆ. ಕಷ್ಟ ಬರುವುದು ಎರಡು ಬಗೆಯ ರಕಾರದಲ್ಲಿ. ‘ಪೇರೊ’ ಎಂದರೆ ‘ಆದರೆ’. ನಾಲಿಗೆ ಹಲವು ಸಲ ಅದುರುವ ‘ಪೆರ್ರೊ’ ಎಂದರೆ ನಾಯಿ. ಹಳಗನ್ನಡದಲ್ಲೂ ರ, ಱ ಎಂಬ ಎರಡು ಅಕ್ಷರಗಳಿದ್ದವು. ಈಗ ನಮಗೆ ಒಂದೇ ಉಳಿದಿದೆ, ಆದ್ದರಿಂದ ಎರಡನೆಯದನ್ನು ಹೊಸದಾಗಿ ಅಭ್ಯಾಸ ಮಾಡಬೇಕು.

ನನಗೆ, ನಿನಗೆ, ಅವನಿಗೆ

‘ಮೆ ಗುಸ್ತ’ಕ್ಕೆ ಹಿಂತಿರುಗೋಣ. ಮೆ ನನಗೆ, ತೆ ನಿನಗೆ, ಲೆ ಅವನಿಗೆ ಅಥವಾ ಅವಳಿಗೆ, ನೊಸ್ ನಮಗೆ, ಲೆಸ್ ಅವರಿಗೆ. ಇಷ್ಟವಾಗುವ ವಸ್ತು ಒಂದಾದರೆ ‘ಗುಸ್ತ’, ಹಲವಾದರೆ ‘ಗುಸ್ತನ್’: ‘ಮೆ ಗುಸ್ತನ್ ಲೊಸ್ ಮಾಂಗೊಸ್’, ನನಗೆ ಮಾವಿನಹಣ್ಣು ಇಷ್ಟ. ಕನ್ನಡದಲ್ಲಿ ‘ಇಷ್ಟ’ ಬದಲಾಗುವುದಿಲ್ಲ, ಹಾಗಾಗಿ ಆ ‘ನ್’ ಬಿಟ್ಟುಹೋಗುತ್ತದೆ. ‘ನನಗೆ ಹಣ್ಣುಗಳು ಇಷ್ಟವಾಗುತ್ತವೆ’ ಎಂದು ಮನಸ್ಸಿನಲ್ಲಿ ಹೇಳಿಕೊಂಡರೆ ‘ಆಗುತ್ತವೆ’ಯ ಬಹುವಚನ ನೆನಪಿಸುತ್ತದೆ.

ಇದೇ ಸಾಲಿಗೆ ಸೇರುವ ಕ್ರಿಯಾಪದಗಳು ಬೇಕಾದಷ್ಟಿವೆ. ‘ಮೆ ಪರೇಸೆ’ ಅಂದರೆ ನನಗೆ ಅನ್ನಿಸುತ್ತದೆ. ‘ಮೆ ಇಂತೆರೇಸ’, ನನಗೆ ಆಸಕ್ತಿ. ‘ಮೆ ದ್ವೇಲೆ ಲ ಕಬೇಸ’, ನನಗೆ ತಲೆ ನೋಯುತ್ತಿದೆ. ಈ ಕೊನೆಯದನ್ನು ಗಮನಿಸಿ. ಅಲ್ಲಿ ‘ನನ್ನ ತಲೆ’ ಎಂದಿಲ್ಲ, ಬರೀ ‘ತಲೆ’. ನಾವೂ ಹಾಗೇ ಅಲ್ಲವೇ? ‘ನನಗೆ’ ಎಂದ ಮೇಲೆ ತಲೆ ಯಾರದೆಂದು ಮತ್ತೆ ಹೇಳುವುದಿಲ್ಲ. ಇಂಗ್ಲಿಷಿನ ಮೂಲಕ ಬಂದವರು ‘ಮಿ ಕಬೇಸ’ ಎಂದು ‘ನನ್ನ’ ಸೇರಿಸುತ್ತಾರೆ.

ಹೆಸರು ಬಂದರೆ ಒಂದು ಹೆಚ್ಚಿನ ತುಂಡು ಬೇಕು. ‘ನನ್ನ ಅಮ್ಮನಿಗೆ ಟೀ ಇಷ್ಟ’ ಎನ್ನಲು ‘ಆ ಮಿ ಮಾದ್ರೆ ಲೆ ಗುಸ್ತ ಎಲ್ ತೆ’. ಮೊದಲಿನ ‘ಆ’ ನಮ್ಮ ‘-ಗೆ’ ಪ್ರತ್ಯಯದ ಕೆಲಸ ಮಾಡುತ್ತದೆ, ಮುಂದೆ ಬರುತ್ತದೆ ಅಷ್ಟೆ. ಆದರೆ ಅಮ್ಮನ ಹೆಸರು ಹೇಳಿದ ಮೇಲೂ ‘ಲೆ’ ಉಳಿಯಲೇಬೇಕು. ‘ಅಮ್ಮನಿಗೆ ಅವಳಿಗೆ ಟೀ ಇಷ್ಟ’ ಎಂದಂತೆ ಕೇಳಿಸಿದರೂ ಸ್ಪ್ಯಾನಿಷಿಗೆ ಅದೇ ಸರಿ. ‘ಆ ಮಿ ಮಾದ್ರೆ ಗುಸ್ತ’ ಎಂದು ನಿಲ್ಲಿಸುವುದು ನಮ್ಮವರು ಪದೇ ಪದೇ ಮಾಡುವ ತಪ್ಪು. ಇನ್ನೊಂದು ಎಚ್ಚರ. ವಸ್ತುವಿಗೆ ‘ಗುಸ್ತ’ ಸರಿ. ಪರಿಚಯದ ವ್ಯಕ್ತಿಯ ಬಗ್ಗೆ ಹೇಳಿದರೆ ಪ್ರೇಮದ ಅರ್ಥ ಬಂದುಬಿಡಬಹುದು. ‘ಅವರು ನನಗೆ ಹಿಡಿಸಿದರು, ಒಳ್ಳೆಯವರು’ ಎಂಬ ಮಾತಿಗೆ ‘ಮೆ ಕಾಯೆ ಬ್ಯೇನ್’ ಎನ್ನಿ.

ಇಲ್ಲೇ ಕನ್ನಡಕ್ಕೆ ಇನ್ನೂ ಹತ್ತಿರದ ಒಂದು ರಚನೆ ಇದೆ. ‘ಮರೆತೆ’ ಎನ್ನುವುದಕ್ಕೂ ‘ಮರೆತುಹೋಯ್ತು’ ಎನ್ನುವುದಕ್ಕೂ ವ್ಯತ್ಯಾಸ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಎರಡನೆಯದರಲ್ಲಿ ಬೇಕೆಂದು ಮಾಡಿದ್ದಲ್ಲ ಎಂಬ ಭಾವ ಇದೆ. ಸ್ಪ್ಯಾನಿಷಿನಲ್ಲೂ ‘ಒಲ್ಬಿದೇ’ ಎಂದರೆ ಮರೆತೆ. ‘ಸೆ ಮೆ ಒಲ್ಬಿದೋ’ ಎಂದರೆ ನನಗೆ ಮರೆತುಹೋಯ್ತು. ‘ಸೆ ಮೆ ಕಯೋ ಎಲ್ ಬಾಸೊ’, ಲೋಟ ಕೈಜಾರಿ ಬಿತ್ತು. ‘ಸೆ ಮೆ ಪೆರ್ದ್ಯೇರೊನ್ ಲಸ್ ಯಾಬೆಸ್’, ಕೀಗಳು ಕಳೆದುಹೋದವು. ಇಂಗ್ಲಿಷ್ ಪುಸ್ತಕಗಳು ಇದನ್ನು ಮುಂದಿನ ಹಂತದ ವ್ಯಾಕರಣ ಎಂದು ಕೊನೆಯ ಪಾಠಗಳಿಗೆ ತಳ್ಳುತ್ತವೆ. ಕನ್ನಡಿಗರು ಇದನ್ನು ಮೊದಲ ತಿಂಗಳಲ್ಲೇ ಕಲಿಯಬಹುದು, ಕಲಿಯಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. ಏಕೆಂದರೆ ದಿನದ ಮಾತಿನಲ್ಲಿ ಇದು ಕ್ಷಣಕ್ಷಣಕ್ಕೂ ಬರುತ್ತದೆ.

ಈಗ ಕೈಬಿಡುವ ಜಾಗ. ಕನ್ನಡದ ‘ನನಗೆ’ ಎಲ್ಲವೂ ‘ಮೆ’ ಆಗುವುದಿಲ್ಲ. ‘ನನಗೆ ಹಸಿವು’, ‘ನನಗೆ ಬಾಯಾರಿಕೆ’, ‘ನನಗೆ ನಿದ್ದೆ ಬರ್ತಿದೆ’, ‘ನನಗೆ ಚಳಿ’, ‘ನನಗೆ ಭಯ’, ‘ನನಗೆ ಅವಸರ’ ಇವಕ್ಕೆಲ್ಲ ‘ತೇಂಗೊ’ ಬರುತ್ತದೆ. ಅಂದರೆ ಹಸಿವನ್ನು ಹೊಂದಿದ್ದೇನೆ ಎಂಬ ರಚನೆ: ‘ತೇಂಗೊ ಆಂಬ್ರೆ’, ‘ತೇಂಗೊ ಸೆದ್’, ‘ತೇಂಗೊ ಸ್ವೇಞೊ’. ಮಕ್ಕಳೂ ವಯಸ್ಸೂ ಇದೇ ಗುಂಪು. ‘ನನಗೆ ಇಬ್ಬರು ಮಕ್ಕಳು’ ಎಂದರೆ ‘ತೇಂಗೊ ದೊಸ್ ಈಹೊಸ್’. ‘ನನಗೆ 30 ವರ್ಷ’ ಎಂದರೆ ‘ತೇಂಗೊ ತ್ರೇಯ್ಂತ ಆಞೊಸ್’. ಹಸಿವು ನಾಮಪದವಾದ್ದರಿಂದ ‘ತುಂಬಾ ಹಸಿವು’ ಎನ್ನಲು ‘ಮೂಚ ಆಂಬ್ರೆ’. ‘ಮುಯ್’ ಹಾಕಿದರೆ ತಪ್ಪು. ‘ನನಗೆ ಸೆಕೆ’ ಎನ್ನಲು ‘ತೇಂಗೊ ಕಲೋರ್’ ಎಂದೇ ಹೇಳಿ. ಇಂಗ್ಲಿಷಿನ ‘ಐ ಆಮ್ ಹಾಟ್’ ಅನುಸರಿಸಿ ‘ಎಸ್ತೋಯ್ ಕಲ್ಯೇಂತೆ’ ಎಂದರೆ ಕಾಮದ ಅರ್ಥ ಬರುತ್ತದೆ. ಹವಾಮಾನದ ಸೆಕೆಗೆ ಬೇರೆಯೇ ಮಾತು: ‘ಆಸೆ ಕಲೋರ್’. ಇನ್ನು ‘ನನಗೆ ಗೊತ್ತು’ (ಸೆ), ‘ನನಗೆ ಅರ್ಥವಾಗುತ್ತದೆ’ (ಎಂತ್ಯೇಂದೊ), ‘ನನಗೆ ಬೇಕು’ (ಕ್ಯೇರೊ) ಇವು ಮೂರೂ ನೇರ ‘ನಾನು’ ರೂಪದ ಕ್ರಿಯಾಪದಗಳು. ಇವನ್ನು ಬಾಯಿಪಾಠ ಮಾಡದೆ ಬೇರೆ ದಾರಿಯಿಲ್ಲ.

ನಾನು ಎನ್ನಬೇಕಾಗಿಲ್ಲ

‘ಆಬ್ಲೊ, ಆಬ್ಲಸ್, ಆಬ್ಲ, ಅಬ್ಲಾಮೊಸ್, ಅಬ್ಲಾಯ್ಸ್, ಆಬ್ಲನ್’: ಮಾತಾಡುತ್ತೇನೆ, ಮಾತಾಡುತ್ತೀಯ ಎಂದು ಸಾಗುವ ನಮ್ಮ ಸಾಲಿನಂತೆಯೇ ಕ್ರಿಯಾಪದದ ಕೊನೆಯೇ ಯಾರು ಎಂದು ಹೇಳಿಬಿಡುತ್ತದೆ. ಆದ್ದರಿಂದ ‘ಯೊ’ (ನಾನು) ಬೇಡ. ಪ್ರತಿ ವಾಕ್ಯಕ್ಕೂ ‘ಯೊ’ ಹಚ್ಚಿದರೆ ‘ನಾನೇ ಮಾಡಿದೆ, ನಾನೇ ಹೋದೆ’ ಎಂದು ಎದೆತಟ್ಟಿಕೊಂಡಂತೆ ಕೇಳಿಸುತ್ತದೆ. ಒಂದೇ ಕಡೆ ಎಚ್ಚರ ಬೇಕು. ನಮ್ಮ ‘ಮಾತಾಡುತ್ತಾನೆ’, ‘ಮಾತಾಡುತ್ತಾಳೆ’ ಎಂಬ ಭೇದ ಅಲ್ಲಿಲ್ಲ. ‘ಆಬ್ಲ’ ಎರಡಕ್ಕೂ ಬರುತ್ತದೆ. ಗೊಂದಲವಾಗುವಲ್ಲಿ ‘ಎಲ್’ (ಅವನು) ಅಥವಾ ‘ಏಯ’ (ಅವಳು) ಸೇರಿಸಿ.

ಗೌರವದ ವಿಷಯದಲ್ಲಿ ಕನ್ನಡದ ಅಭ್ಯಾಸ ಒಂದು ತಪ್ಪು ಮಾಡಿಸುತ್ತದೆ. ನೀನು, ನೀವು ಎಂಬಂತೆ ‘ತು’, ‘ಉಸ್ತೇದ್’ ಇವೆ. ನಾವು ಒಬ್ಬರೇ ಹಿರಿಯರಿಗೂ ‘ನೀವು ಮಾತಾಡುತ್ತೀರಿ’ ಎಂದು ಬಹುವಚನ ಹಚ್ಚುತ್ತೇವೆ. ಹಾಗಾಗಿ ‘ಉಸ್ತೇದ್ ಆಬ್ಲನ್’ ಎಂದುಬಿಡುತ್ತೇವೆ. ಸರಿಯಾದದ್ದು ‘ಉಸ್ತೇದ್ ಆಬ್ಲ’. ‘ನಿಮ್ಮ ಕೃಪೆ’ ಎಂಬ ಅರ್ಥದ ಹಳೆಯ ಗೌರವವಾಚಕವೊಂದು ಸವೆದು ಬಂದ ಪದ ಅದು. ಹಾಗಾಗಿ ಕ್ರಿಯಾಪದ ‘ಕೃಪೆ’ಗೆ ಹೊಂದುತ್ತದೆ, ಪ್ರಥಮ ಪುರುಷ (ಅವನು, ಅವಳು, ಅದು) ಏಕವಚನದಲ್ಲಿ. ಹಲವರನ್ನು ಕುರಿತು ಮಾತಾಡುವಾಗ ಸ್ಪೇನಿನಲ್ಲಿ ಸ್ನೇಹಿತರಿಗೆ ‘ಬೊಸೋತ್ರೊಸ್’, ಗೌರವಕ್ಕೆ ‘ಉಸ್ತೇದೆಸ್’. ಲ್ಯಾಟಿನ್ ಅಮೆರಿಕದಲ್ಲಿ ಎಲ್ಲರಿಗೂ ‘ಉಸ್ತೇದೆಸ್’. ಅರ್ಜೆಂಟೀನ, ಉರುಗ್ವೆಗಳಲ್ಲಿ ‘ತು’ ಬದಲು ‘ಬೊಸ್’ ಕೇಳುತ್ತೀರಿ.

ಅಲ್ಲ ಮತ್ತು ಇಲ್ಲ

ಸ್ಪ್ಯಾನಿಷ್ ಕಲಿಯುವ ಎಲ್ಲರನ್ನೂ ಕಾಡುವುದು ‘ಸೆರ್’ ಮತ್ತು ‘ಎಸ್ತಾರ್’, ‘ಆಗಿರು, ಇರು’ ಎಂಬ ಅರ್ಥದ ಎರಡು ಕ್ರಿಯಾಪದಗಳು. ‘ಎಸ್’ ಎಂಬುದು ಸೆರ್‌ನ ರೂಪ, ‘ಎಸ್ತಾ’ ಎಸ್ತಾರ್‌ನದು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ. ಶಾಶ್ವತವಾದದ್ದಕ್ಕೆ ಸೆರ್, ತಾತ್ಕಾಲಿಕಕ್ಕೆ ಎಸ್ತಾರ್ ಎಂದು ಎಲ್ಲ ಕಡೆ ಹೇಳಿಕೊಡುತ್ತಾರೆ. ಈ ಸೂತ್ರ ಬೇಗನೆ ಕೈಕೊಡುತ್ತದೆ. ಸತ್ತವರು ಶಾಶ್ವತವಾಗಿ ಸತ್ತವರು. ಆದರೂ ‘ಎಸ್ತಾ ಮ್ವೇರ್ತೊ’ ಎಂದು ಎಸ್ತಾರ್ ಬರುತ್ತದೆ. ಮ್ಯಾಡ್ರಿಡ್ ನಗರ ಎಲ್ಲಿಗೂ ಓಡಿಹೋಗುವುದಿಲ್ಲ. ಆದರೂ ‘ಮದ್ರೀದ್ ಎಸ್ತಾ ಎನ್ ಎಸ್ಪಾಞ’. ಇವತ್ತು ಸೋಮವಾರ, ನಾಳೆ ಅಲ್ಲ; ಆದರೂ ‘ಓಯ್ ಎಸ್ ಲೂನೆಸ್’ ಎಂದು ಸೆರ್.

ಕನ್ನಡಿಗರ ಬಳಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇದೆ. ವಾಕ್ಯವನ್ನು ಕನ್ನಡದಲ್ಲಿ ನಿಷೇಧ ಮಾಡಿ. ‘ಅಲ್ಲ’ ಬಂದರೆ ಸೆರ್, ‘ಇಲ್ಲ’ ಬಂದರೆ ಎಸ್ತಾರ್. ‘ಅವರು ಡಾಕ್ಟರು’, ನಿಷೇಧಿಸಿದರೆ ‘ಡಾಕ್ಟರಲ್ಲ’, ಹಾಗಾಗಿ ‘ಎಸ್ ಮೇದಿಕೊ’. ‘ಅವರು ಮನೆಯಲ್ಲಿದ್ದಾರೆ’, ನಿಷೇಧಿಸಿದರೆ ‘ಮನೆಯಲ್ಲಿಲ್ಲ’, ಹಾಗಾಗಿ ‘ಎಸ್ತಾ ಎನ್ ಕಾಸ’. ‘ಇವತ್ತು ಸೋಮವಾರ ಅಲ್ಲ’, ಸೆರ್. ‘ಮ್ಯಾಡ್ರಿಡ್ ಫ್ರಾನ್ಸಿನಲ್ಲಿ ಇಲ್ಲ’, ಎಸ್ತಾರ್. ‘ಸೂಪು ಬಿಸಿ ಇಲ್ಲ’, ‘ಲ ಸೋಪ ನೊ ಎಸ್ತಾ ಕಲ್ಯೇಂತೆ’, ಎಸ್ತಾರ್. ಒಂದೇ ವಿಶೇಷಣ ಎರಡರ ಜೊತೆಗೂ ಬಂದು ಅರ್ಥ ಬದಲಿಸುವ ಕಡೆ ಈ ಪರೀಕ್ಷೆಯ ಬಲ ಕಾಣುತ್ತದೆ. ‘ಎಸ್ ಲೀಸ್ತೊ’, ಅವನು ಜಾಣ (ಜಾಣನಲ್ಲ). ‘ಎಸ್ತಾ ಲೀಸ್ತೊ’, ಅವನು ತಯಾರಾಗಿದ್ದಾನೆ (ತಯಾರಾಗಿಲ್ಲ). ‘ಎಸ್ ಅಬುರ್ರೀದೊ’, ಬೋರು ಹೊಡೆಸುವವನು. ‘ಎಸ್ತಾ ಅಬುರ್ರೀದೊ’, ಅವನಿಗೆ ಬೋರಾಗಿದೆ.

ಪರೀಕ್ಷೆ ಎಲ್ಲಿ ಜಾರುತ್ತದೆ ಎಂಬುದನ್ನೂ ಹೇಳಬೇಕು. ಆಡುಮಾತಿನಲ್ಲಿ ನಾವು ‘ಅವನು ಎತ್ತರ ಇದ್ದಾನೆ’, ‘ಮನೆ ದೊಡ್ಡದಾಗಿದೆ’ ಎನ್ನುತ್ತೇವೆ. ಇದನ್ನು ನಂಬಿ ಎಸ್ತಾರ್ ಹಾಕಿದರೆ ತಪ್ಪಾಗುತ್ತದೆ. ಇಂಥ ಕಡೆ ‘ದೊಡ್ಡದು’, ‘ಎತ್ತರದವನು’, ‘ಒಳ್ಳೆಯವಳು’ ಎಂಬ ರೂಪಕ್ಕೆ ತಿರುಗಿಸಿ ನೋಡಿ. ಅರ್ಥ ಕೆಡದೆ ಸಹಜವಾಗಿ ಕೂತರೆ ಸೆರ್: ‘ಎಸ್ ಆಲ್ತೊ’, ‘ಲ ಕಾಸ ಎಸ್ ಗ್ರಾಂದೆ’. ‘ಸುಸ್ತಾಗಿದ್ದಾನೆ’ಯನ್ನು ಹಾಗೆ ತಿರುಗಿಸಲು ಹೋದರೆ ಮಾತು ಒಡೆಯುತ್ತದೆ, ಅದು ಎಸ್ತಾರ್, ‘ಎಸ್ತಾ ಕನ್ಸಾದೊ’. ಇನ್ನೊಂದು ಅಪವಾದ ಸಮಾರಂಭಗಳದ್ದು. ‘ಮದುವೆ ಧಾರವಾಡದಲ್ಲಿದೆ’ ಎನ್ನಲು ‘ಲ ಬೋದ ಎಸ್ ಎನ್ ಧಾರವಾಡ’, ಇಲ್ಲಿ ಸೆರ್. ‘ಇದೆ’ ತೆಗೆದು ‘ನಡೆಯುತ್ತದೆ’ ಹಾಕಲು ಆಗುವುದಾದರೆ ಸೆರ್ ಎಂದು ತಿಳಿಯಿರಿ. ಕಲ್ಯಾಣ ಮಂಟಪ ಎಲ್ಲಿದೆ ಎಂದರೆ ಎಸ್ತಾರ್, ಏಕೆಂದರೆ ಮಂಟಪ ನಡೆಯುವುದಿಲ್ಲ.

‘ಇದೆ’ಗೆ ಸ್ಪ್ಯಾನಿಷಿನಲ್ಲಿ ಮೂರನೆಯ ಪಾಲುದಾರನೂ ಇದ್ದಾನೆ: ‘ಆಯ್’. ‘ಮೇಜಿನ ಮೇಲೆ ಒಂದು ಪುಸ್ತಕ ಇದೆ’, ‘ಆಯ್ ಉನ್ ಲೀಬ್ರೊ ಎನ್ ಲ ಮೇಸ’. ‘ಪುಸ್ತಕ ಮೇಜಿನ ಮೇಲಿದೆ’, ‘ಎಲ್ ಲೀಬ್ರೊ ಎಸ್ತಾ ಎನ್ ಲ ಮೇಸ’. ಕನ್ನಡ ವಾಕ್ಯದಲ್ಲಿ ಜಾಗ ಮೊದಲು ಬಂದು ವಸ್ತು ಹೊಸದಾಗಿ ಪ್ರವೇಶಿಸಿದರೆ ‘ಆಯ್’; ಗೊತ್ತಿರುವ ವಸ್ತು ಮೊದಲು ಬಂದು ಜಾಗ ಆಮೇಲೆ ಬಂದರೆ ‘ಎಸ್ತಾ’. ‘ಇಲ್ಲಿ ಹತ್ತಿರ ಬ್ಯಾಂಕ್ ಇದೆಯಾ?’ ಎಂಬುದಕ್ಕೆ ‘ಆಯ್ ಉನ್ ಬಾಂಕೊ ಪೊರ್ ಅಕೀ?’ ‘ಆ ಬ್ಯಾಂಕ್ ಎಲ್ಲಿದೆ?’ ಎಂಬುದಕ್ಕೆ ‘ದೋಂದೆ ಎಸ್ತಾ ಎಲ್ ಬಾಂಕೊ?’ ಒಂದಕ್ಕೂ ಹತ್ತಕ್ಕೂ ‘ಆಯ್’ ಒಂದೇ ರೂಪ.

ಮೇಜು ಹೆಣ್ಣು, ನಕ್ಷೆ ಗಂಡು

ಇಲ್ಲಿ ಕನ್ನಡ ಏನೂ ಮಾಡಲಾರದು. ನಮ್ಮಲ್ಲಿ ಮನುಷ್ಯರಿಗೆ ಗಂಡು, ಹೆಣ್ಣು, ವಸ್ತುಗಳೆಲ್ಲ ನಪುಂಸಕ. ಸ್ಪ್ಯಾನಿಷಿನಲ್ಲಿ ಪ್ರತಿ ನಾಮಪದವೂ ಪುಲ್ಲಿಂಗ ಅಥವಾ ಸ್ತ್ರೀಲಿಂಗ, ವಿಶೇಷಣವೂ ಅದಕ್ಕೆ ತಕ್ಕಂತೆ ಬದಲಾಗಬೇಕು. ನಾಮಪದದ ಮುಂಚೆ ಬರುವ, ಇಂಗ್ಲಿಷಿನ ‘ದ’ ಇದ್ದಂತಹ ‘ಎಲ್’ ಪುಲ್ಲಿಂಗದ ಗುರುತು, ‘ಲ’ ಸ್ತ್ರೀಲಿಂಗದ್ದು; ಬಹುವಚನದಲ್ಲಿ ‘ಲೊಸ್’, ‘ಲಸ್’. ಕೊಂಕಣಿ, ಮರಾಠಿ, ಹಿಂದಿ ಬಲ್ಲವರಿಗೆ ಈ ಅಭ್ಯಾಸ ಇರುತ್ತದೆ; ಉಳಿದವರು ಮೊದಲ ದಿನದಿಂದ ಬೆಳೆಸಿಕೊಳ್ಳಬೇಕು. ‘ಲ ಕಾಸ ಬ್ಲಾಂಕ ಎಸ್ತಾ ಬಸೀಅ’, ಬಿಳಿ ಮನೆ ಖಾಲಿ ಇದೆ. ಬಹುವಚನ ಮಾಡಿದರೆ ‘ಲಸ್ ಕಾಸಸ್ ಬ್ಲಾಂಕಸ್ ಎಸ್ತಾನ್ ಬಸೀಅಸ್’. ಐದು ಪದ, ಐದೂ ಬದಲಾದವು. ಕನ್ನಡದಲ್ಲಿ ‘ಬಿಳಿ ಮನೆಗಳು ಖಾಲಿ ಇವೆ’ ಎನ್ನುವಾಗ ಬಿಳಿಯೂ ಖಾಲಿಯೂ ಅಲುಗುವುದಿಲ್ಲ. ಅದಕ್ಕೇ ನಮ್ಮ ಬಾಯಲ್ಲಿ ವಿಶೇಷಣ ಹಾಗೇ ಉಳಿದುಬಿಡುತ್ತದೆ.

‘ಒ’ ಕೊನೆ ಪುಲ್ಲಿಂಗ, ‘ಅ’ ಕೊನೆ ಸ್ತ್ರೀಲಿಂಗ ಎಂಬುದು ಬಹುಮಟ್ಟಿಗೆ ಸರಿ. ‘-ಸ್ಯೋನ್’, ‘-ದಾದ್’ ಕೊನೆಯವು ಸ್ತ್ರೀಲಿಂಗ. ಮೋಸ ಮಾಡುವವು ಬಳಕೆಯ ಪದಗಳೇ: ‘ಲ ಮಾನೊ’ (ಕೈ), ‘ಎಲ್ ದೀಅ’ (ದಿನ), ‘ಎಲ್ ಮಾಪ’ (ನಕ್ಷೆ). ಗ್ರೀಕ್ ಮೂಲದ ‘-ಮ’ ಕೊನೆಯ ಪದಗಳು, ‘ಎಲ್ ಪ್ರೊಬ್ಲೇಮ’, ‘ಎಲ್ ಸಿಸ್ತೇಮ’, ‘ಎಲ್ ಇದ್ಯೋಮ’, ಪುಲ್ಲಿಂಗ. ಆದರೆ ‘ಲ ಕಾಮ’ (ಮಂಚ, ಹಾಸಿಗೆ) ಆ ಗುಂಪಿನದಲ್ಲ. ‘ಲ ಫೋತೊ’, ‘ಲ ಮೋತೊ’ ಸ್ತ್ರೀಲಿಂಗವಾದದ್ದು ಅವು ‘ಫೊತೊಗ್ರಫೀಅ’, ‘ಮೊತೊಸಿಕ್ಲೇತ’ಗಳ ಮೊಟಕು ರೂಪ ಆಗಿರುವುದರಿಂದ. ‘ಆಗ್ವ’ (ನೀರು) ಸ್ತ್ರೀಲಿಂಗ; ಆದರೆ ಒತ್ತಿನ ‘ಅ’ದಿಂದ ಶುರುವಾಗುವುದರಿಂದ ಉಚ್ಚಾರದ ಅನುಕೂಲಕ್ಕೆ ‘ಎಲ್ ಆಗ್ವ’ ಎನ್ನುತ್ತಾರೆ. ವಿಶೇಷಣ ಮಾತ್ರ ಹೆಣ್ಣೇ: ‘ಎಲ್ ಆಗ್ವ ಫ್ರೀಅ’. ಮೇಲೆ ‘ಮೂಚ ಆಂಬ್ರೆ’ ಎಂದದ್ದೂ ಇದೇ ಕಾರಣಕ್ಕೆ.

ಕಲಿಯುವ ಕ್ರಮ ಹೀಗಿರಲಿ. ನೋಟ್‌ಬುಕ್ಕಿನಲ್ಲಿ ಬರೀ ‘ಮಾನೊ’ ಬರೆಯಬೇಡಿ, ‘ಲ ಮಾನೊ ಫ್ರೀಅ’ (ತಣ್ಣನೆಯ ಕೈ) ಎಂದು ಮೂರು ಪದ ಬರೆಯಿರಿ, ಮೂರನ್ನೂ ಜೋರಾಗಿ ಹೇಳಿ. ವಿಶೇಷಣ ಕಿವಿಗೆ ಬಿದ್ದಾಗಲೇ ಲಿಂಗ ನಿಲ್ಲುತ್ತದೆ. ವಿಶೇಷಣ ನಾಮಪದದ ನಂತರ ಬರುವುದು ಸಾಮಾನ್ಯ. ಮುಂದೆ ಬಂದರೆ ಕೆಲವು ಸಲ ಅರ್ಥ ಬೇರೆ: ‘ಉನ್ ಬ್ಯೇಹೊ ಅಮೀಗೊ’ ಹಳೆಯ ಗೆಳೆಯ, ‘ಉನ್ ಅಮೀಗೊ ಬ್ಯೇಹೊ’ ವಯಸ್ಸಾದ ಗೆಳೆಯ.

-ಅನ್ನು ಇದ್ದಲ್ಲಿ ‘ಆ’

‘ಮನೆ ನೋಡಿದೆ’ ಎನ್ನಬಹುದು. ‘ರಮೇಶ ನೋಡಿದೆ’ ಎನ್ನಲಾಗದು, ‘ರಮೇಶನನ್ನು ನೋಡಿದೆ’ ಎನ್ನಬೇಕು. ವಸ್ತುವಿಗೆ ದ್ವಿತೀಯಾ ವಿಭಕ್ತಿ ಬಿಟ್ಟರೂ ನಡೆಯುತ್ತದೆ, ಮನುಷ್ಯರಿಗೆ ಬಿಡಲಾಗದು. ಸ್ಪ್ಯಾನಿಷ್ ಕೂಡ ಇದೇ ಗೆರೆ ಎಳೆಯುತ್ತದೆ. ‘ಬೇಒ ಲ ಕಾಸ’, ಮನೆ ನೋಡುತ್ತೇನೆ. ‘ಬೇಒ ಆ ರಮೇಶ್’, ರಮೇಶನನ್ನು ನೋಡುತ್ತೇನೆ. ಇಂಗ್ಲಿಷಿನಲ್ಲಿ ಇಂಥದ್ದು ಏನೂ ಇಲ್ಲದ್ದರಿಂದ ಇಂಗ್ಲಿಷ್ ಪುಸ್ತಕದಿಂದ ಕಲಿತವರು ಈ ‘ಆ’ವನ್ನು ನುಂಗಿಬಿಡುತ್ತಾರೆ. ‘-ಅನ್ನು’ ಬಿಟ್ಟರೆ ನಿಮ್ಮ ಕಿವಿಗೆ ಎಷ್ಟು ಒರಟಾಗಿ ಕೇಳುತ್ತದೋ ಈ ‘ಆ’ ಬಿಟ್ಟರೆ ಅವರ ಕಿವಿಗೂ ಅಷ್ಟೇ. ‘ಆ’ ಮುಂದೆ ‘ಎಲ್’ ಬಂದರೆ ಕೂಡಿ ‘ಅಲ್’ ಆಗುತ್ತದೆ: ‘ಬೇಒ ಅಲ್ ಮೇದಿಕೊ’. ‘ತೇಂಗೊ’ ಮುಂದೆ ಮಾತ್ರ ಸಾಮಾನ್ಯವಾಗಿ ಇದು ಬರುವುದಿಲ್ಲ.

‘ಪೊರ್’, ‘ಪಾರ’ ಬಗ್ಗೆ ಇಲ್ಲೇ ಚಿಕ್ಕದಾಗಿ. ನಮ್ಮ ‘-ಗೆ, -ಕ್ಕೆ’ ಮುಂದಿನ ಗುರಿಯನ್ನು ತೋರಿಸಿದರೆ ‘ಪಾರ’: ಅಮ್ಮನಿಗೆ ತಂದ ಸೀರೆ, ಸೋಮವಾರಕ್ಕೆ ಮುಗಿಸಬೇಕಾದ ಕೆಲಸ. ಅದೇ ‘-ಗೆ’ ವಿನಿಮಯವನ್ನೋ ಕಾರಣವನ್ನೋ ಹೇಳಿದರೆ ‘ಪೊರ್’: ‘10 ಯೂರೋಗೆ ಕೊಂಡೆ’ ಎನ್ನಲು ‘ಪೊರ್ ದ್ಯೇಸ್ ಎಊರೊಸ್’, ‘ನಿಮ್ಮ ಸಹಾಯಕ್ಕೆ ಧನ್ಯವಾದ’ ಎನ್ನಲು ‘ಗ್ರಾಸ್ಯಸ್ ಪೊರ್ ಸು ಅಯೂದ’. ಮಳೆಯಿಂದಾಗಿ, ಕಿಟಕಿಯ ಮೂಲಕ, ಇವೂ ‘ಪೊರ್’.

ತಿಂದೆ, ತಿನ್ನುತ್ತಿದ್ದೆ

ಭೂತಕಾಲ ಎರಡಿವೆ: ‘ಕೊಮೀ’ ಮತ್ತು ‘ಕೊಮೀಅ’. ತಿಂದೆ, ತಿನ್ನುತ್ತಿದ್ದೆ. ‘ದಿನಾ ಅಲ್ಲೇ ತಿನ್ನುತ್ತಿದ್ದೆ’ ಎಂಬ ರೂಢಿಗೂ ‘ಅವನು ಬಂದಾಗ ತಿನ್ನುತ್ತಿದ್ದೆ’ ಎಂಬ ನಡೆಯುತ್ತಿದ್ದ ಕೆಲಸಕ್ಕೂ ಕನ್ನಡದಲ್ಲಿ ರೂಪ ಒಂದೇ. ‘ಕೊಮೀಅ’ದ ಹರವೂ ಅಷ್ಟೇ. ಇಂಗ್ಲಿಷಿನಲ್ಲಿ ‘ಐ ಏಟ್’ ಎಂಬುದು ಎರಡು ಕಡೆಗೂ ಹೋಗಿ ಬರುವುದರಿಂದ ಗೊಂದಲ. ನೀವು ಕನ್ನಡದಲ್ಲಿ ವಾಕ್ಯ ಕಟ್ಟಿ, ‘-ತ್ತಿದ್ದೆ’ ಬಂದರೆ ‘ಕೊಮೀಅ’ ಎನ್ನಿ. ‘ಯೊಬೀಅ ಕ್ವಾಂದೊ ಯೆಗೇ’, ನಾನು ತಲುಪಿದಾಗ ಮಳೆ ಬರುತ್ತಿತ್ತು.

ಕಷ್ಟ ‘ಇದ್ದೆ’, ‘ಇತ್ತು’ಗಳಲ್ಲಿ. ‘ಚಿಕ್ಕವನಿದ್ದಾಗ ನಾಯಿ ಇತ್ತು’ ಎಂಬಲ್ಲಿ ಕೊನೆ ಕಾಣದ ಸ್ಥಿತಿ ಇದೆ, ‘ತೆನೀಅ’ ಬರುತ್ತದೆ. ‘ಸೆವಿಲ್ಲೆಯಲ್ಲಿ 3 ವರ್ಷ ಇದ್ದೆ’ ಎಂದು ಅವಧಿ ಕಟ್ಟಿ ಮುಗಿಸಿದರೆ ‘ಬಿಬೀ ತ್ರೆಸ್ ಆಞೊಸ್ ಎನ್ ಸೆಬೀಯ’. ಎಷ್ಟು ವರ್ಷ, ಎಷ್ಟು ಗಂಟೆ ಎಂದು ಲೆಕ್ಕ ಹೇಳಿದಿರೋ, ಆ ಕಾಲ ಮುಗಿದ ಭೂತ.

ಈ ರೂಪದ ಒಂದು ಸೊಗಸಾದ ಬಳಕೆ ಅಂಗಡಿಯಲ್ಲಿದೆ. ನಾವು ‘ಒಂದು ಕಾಫಿ ಬೇಕಿತ್ತು’ ಎನ್ನುತ್ತೇವೆ. ಬೇಕಾಗಿರುವುದು ಈಗ, ಹೇಳುವುದು ಭೂತದಲ್ಲಿ, ಮೆದುವಾಗಲಿ ಎಂದು. ಸ್ಪೇನಿನ ಹೋಟೆಲಿನಲ್ಲೂ ‘ಕೆರೀಅ ಉನ್ ಕಫೇ’ ಎನ್ನುತ್ತಾರೆ, ಅಕ್ಷರಶಃ ಅದೇ. ‘ಒಂದು ಕಾಫಿ ಕೊಡ್ತೀರಾ?’ ಎಂಬ ಪ್ರಶ್ನೆಯ ರೂಪವೂ ಅಲ್ಲಿದೆ: ‘ಮೆ ಪೋನೆ ಉನ್ ಕಫೇ?’ ಬರೀ ‘ಕ್ಯೇರೊ ಉನ್ ಕಫೇ’ ಎಂದರೆ ವ್ಯಾಕರಣ ಸರಿ, ಆದರೆ ‘ನನಗೆ ಕಾಫಿ ಬೇಕು’ ಎಂದಷ್ಟೇ ಗಡುಸು.

ನಮ್ಮ ‘ಬರಲಿ, ಹೋಗಲಿ’ಗೂ ಸಮಾನ ಉಂಟು: ‘ಕೆ ಬೇಂಗ’, ಬರಲಿ. ‘ಕ್ಯೇರೊ ಕೆ ಬೇಂಗ’, ಅವನು ಬರಲಿ ಅಂತ ನನ್ನ ಆಸೆ. ಈ ರೂಪಕ್ಕೆ ಅಲ್ಲಿ ಇನ್ನೂ ಹಲವು ಬಳಕೆಗಳಿವೆ, ಅವು ಕನ್ನಡದ ‘-ಲಿ’ಯನ್ನು ಮೀರುತ್ತವೆ, ಶುರುವಿಗೆ ಇಷ್ಟು ಸಾಕು.

ಪದದ ಆಯ್ಕೆ

‘ಕೇಳು’ ಎಂಬ ಒಂದು ಕನ್ನಡ ಪದಕ್ಕೆ ಸ್ಪ್ಯಾನಿಷಿನಲ್ಲಿ 4 ಕ್ರಿಯಾಪದಗಳು. ಮಾಹಿತಿ ಕೇಳಿದರೆ ‘ಪ್ರೆಗುಂತಾರ್’, ವಸ್ತು ಅಥವಾ ಉಪಕಾರ ಕೇಳಿದರೆ ‘ಪೆದೀರ್’. ಬೆಲೆ ಕೇಳುವುದು ಪ್ರೆಗುಂತಾರ್, ಬಿಲ್ ಕೇಳುವುದು ಪೆದೀರ್. ಉತ್ತರವಾಗಿ ಮಾತು ಬರುತ್ತದೋ, ವಸ್ತು ಬರುತ್ತದೋ ಎಂದು ಯೋಚಿಸಿದರೆ ತಪ್ಪುವುದಿಲ್ಲ. ಇಂಗ್ಲಿಷೂ ಇಲ್ಲಿ ಒಂದೇ ಪದ ಬಳಸುವುದರಿಂದ ಎರಡೂ ಭಾಷೆ ಸೇರಿ ನಮ್ಮನ್ನು ಒಂದೇ ಹಳ್ಳಕ್ಕೆ ನೂಕುತ್ತವೆ. ಇನ್ನು ಕಿವಿಯ ಕೇಳುವಿಕೆ. ‘ಕೇಳಿಸು’ ಎಂದರೆ ‘ಒಯೀರ್’, ಕಿವಿಗೊಟ್ಟು ಕೇಳುವುದು ‘ಎಸ್ಕುಚಾರ್’. ಫೋನಿನಲ್ಲಿ ‘ಕೇಳಿಸ್ತಿದೆಯಾ?’ ಎನ್ನಲು ‘ಮೆ ಓಯೆಸ್?’ ಲ್ಯಾಟಿನ್ ಅಮೆರಿಕದ ಹಲವೆಡೆ ಇಲ್ಲೂ ‘ಎಸ್ಕುಚಾರ್’ ಬಳಸುವುದುಂಟು.

‘ಗೊತ್ತು’ ಒಡೆಯುವುದೂ ಹೀಗೆ. ವಿಷಯ ಗೊತ್ತು ಎಂದರೆ ‘ಸಬೇರ್’, ವ್ಯಕ್ತಿಯ ಅಥವಾ ಊರಿನ ಪರಿಚಯ ‘ಕೊನೊಸೇರ್’. ‘ಕೊನೋಸೆಸ್ ಮೈಸೂರ್?’ ಎಂದು ಯಾರಾದರೂ ಕೇಳಿದರೆ ಮೈಸೂರಿನ ಹೆಸರು ಕೇಳಿದ್ದೀಯಾ ಎಂದಲ್ಲ, ‘ಮೈಸೂರು ನೋಡಿದ್ದೀಯಾ?’ ಎಂದು. ‘ನನಗೆ ಈಜು ಬರುತ್ತದೆ’ ಎನ್ನಲು ‘ಸೆ ನದಾರ್’, ಕಲಿತ ವಿದ್ಯೆಗೆ ಸಬೇರ್. ಇಂಗ್ಲಿಷಿನ ‘ಕ್ಯಾನ್’ ಹಿಡಿದು ‘ಪ್ವೇದೊ ನದಾರ್’ ಎಂದರೆ ಈಗ ಈಜಲು ಸಾಧ್ಯವಿದೆ, ಅವಕಾಶವಿದೆ ಎಂದಾಗುತ್ತದೆ.

ಇಂಗ್ಲಿಷಿನಂತೆ ಕಾಣುವ ಪದಗಳ ಬಗ್ಗೆ ಜೋಕೆ. ‘ಎಂಬರಸಾದ’ ಎಂದರೆ ಗರ್ಭಿಣಿ, ಮುಜುಗರಕ್ಕೂ ಅದಕ್ಕೂ ಸಂಬಂಧವಿಲ್ಲ. ‘ಲಿಬ್ರೆರೀಅ’ ಪುಸ್ತಕದ ಅಂಗಡಿ, ಗ್ರಂಥಾಲಯವಲ್ಲ. ‘ಕೊನ್ಸ್ತಿಪಾದೊ’ ಎಂದರೆ ಸ್ಪೇನಿನಲ್ಲಿ ನೆಗಡಿ ಆದವನು. ಇದಕ್ಕೆ ಬದಲಾಗಿ ಪೋರ್ಚುಗೀಸರ ಕಾಲದಿಂದ ನಮ್ಮಲ್ಲಿ ಉಳಿದ ಕೆಲವು ಪದಗಳು ಸ್ಪ್ಯಾನಿಷಿನ ಕದ ತೆರೆಯುತ್ತವೆ, ಎರಡೂ ಸೋದರ ಭಾಷೆಗಳು ತಾನೇ. ಉತ್ತರ ಕರ್ನಾಟಕದ ‘ಪಗಾರ’ ಬಂದದ್ದು ಪೋರ್ಚುಗೀಸಿನಿಂದ. ಸ್ಪ್ಯಾನಿಷಿನಲ್ಲೂ ‘ಪಗಾರ್’ ಎಂದರೆ ಹಣ ಕೊಡುವುದು. ಅಲಮಾರಿಗೆ ‘ಅರ್ಮಾರ್ಯೊ’.

ಸ್ಪ್ಯಾನಿಷ್ 20 ದೇಶಗಳ ಅಧಿಕೃತ ಭಾಷೆ, ಆದ್ದರಿಂದ ಪದಗಳು ಊರೂರಿಗೆ ಬದಲಾಗುತ್ತವೆ. ಸ್ಪೇನಿನಲ್ಲಿ ಬಸ್ ಹಿಡಿಯುವುದಕ್ಕೆ ‘ಕೊಹೇರ್’ ಎನ್ನುತ್ತಾರೆ. ಮೆಕ್ಸಿಕೊ, ಅರ್ಜೆಂಟೀನಗಳಲ್ಲಿ ಅದು ಅಶ್ಲೀಲ. ಎಲ್ಲೆಡೆ ಸಲ್ಲುವ ‘ತೊಮಾರ್’ ಕಲಿತರೆ ಚಿಂತೆಯಿಲ್ಲ.

ಕೊನೆಯದಾಗಿ ಹೋಗು, ಬರು. ಒಳಗಿನಿಂದ ಅಮ್ಮ ಕರೆದರೆ ನಾವು ‘ಬಂದೆ’ ಎಂದು ಕೂಗುತ್ತೇವೆ. ಅಲ್ಲಿ ಕೂಗುವುದು ‘ಯ ಬೋಯ್!’, ಅಂದರೆ ‘ಹೋದೆ’ ಎಂದಂತೆ. ಕನ್ನಡದಲ್ಲಿ ಕೇಳುವವರು ಇರುವ ಜಾಗಕ್ಕೂ ‘ಬರುತ್ತೇವೆ’. ಸ್ಪ್ಯಾನಿಷಿನಲ್ಲಿ ‘ಬೆನೀರ್’ (ಬರುವುದು) ಮಾತಾಡುವವನು ಇರುವ ಜಾಗಕ್ಕೆ ಮಾತ್ರ, ಬೇರೆಲ್ಲ ಕಡೆಗೆ ‘ಇರ್’ (ಹೋಗುವುದು). ತರುವುದು, ಒಯ್ಯುವುದೂ ಇದನ್ನೇ ಅನುಸರಿಸುತ್ತವೆ: ‘ತ್ರಯೇರ್’ ನನ್ನ ಕಡೆಗೆ, ‘ಯೆಬಾರ್’ ಬೇರೆ ಕಡೆಗೆ. ಫೋನಿನಲ್ಲಿ ಗೆಳೆಯನಿಗೆ ‘ನಾಳೆ ನಿನ್ನ ಮನೆಗೆ ಬರ್ತೀವಿ, ಏನು ತರೋಣ?’ ಎನ್ನಬೇಕೆಂದುಕೊಳ್ಳಿ. ಕನ್ನಡವನ್ನೇ ಹಿಂಬಾಲಿಸಿ ‘ಬೆನೀಮೊಸ್, ತ್ರಯೇಮೊಸ್’ ಎಂದರೆ ಆ ಕಡೆಯವರಿಗೆ ನೀವು ಈಗಾಗಲೇ ಅವರ ಮನೆಯಲ್ಲಿ ಕೂತಂತೆ ಕೇಳಿಸುತ್ತದೆ. ಹೇಳಬೇಕಾದದ್ದು ‘ಮಞಾನ ಬಾಮೊಸ್ ಆ ತು ಕಾಸ. ಕೆ ಯೆಬಾಮೊಸ್?’ ಮನೆಯವರು ತಮ್ಮ ಜಾಗದಲ್ಲಿ ನಿಂತು ಉತ್ತರಿಸುವುದರಿಂದ ಅವರ ಬಾಯಲ್ಲಿ ‘ತ್ರಯೇರ್’ ಬರುತ್ತದೆ. ಸ್ಪೇನಿನವರಾದರೆ ‘ನೊ ತ್ರಯ್ಗಾಯ್ಸ್ ನಾದ’, ಮೆಕ್ಸಿಕೊದವರಾದರೆ ‘ನೊ ತ್ರಾಯ್ಗನ್ ನಾದ’: ಏನೂ ತರಬೇಡಿ.